ಕೆಂಪು ದಾರ, ತಾಮ್ರದ ತಗಡು

ಹೊಗೆಸೊಪ್ಪಿನ ಹೊಲದ ಮೇಲ್ಮೂಲೆಯಲ್ಲಿ, ಹೊಂಗೆಮರದ ನೆರಳು ತಾಕದಷ್ಟು ದೂರದಲ್ಲಿ, ಪ್ರಮೀಳಾ ಹೂತಿಟ್ಟದ್ದು ಒಂದಷ್ಟು ಪುಟ್ಟ ಗಂಟುಗಳನ್ನು. ಅಂಗೈಯಗಲದ ಬಿಳಿ ನೈಲಾನ್ ಬಲೆಯ ಚೀಲ. ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಹಾಳೆ. ಚೀಲದ ಬಾಯಿಗೆ ಕೆಂಪು ದಾರ. ದಾರಕ್ಕೆ ಪೋಣಿಸಿದ ತಾಮ್ರದ ಚಿಕ್ಕ ತಗಡು, ಅದರ ಮೇಲೆ ಮೊಳೆಯಿಂದ ಗೀರಿದ ಅಕ್ಷರ ಮತ್ತು ಅಂಕಿ. ದಾರ ಕೆಂಪಗಿದ್ದದ್ದು ಅಗೆಯುವಾಗ ಬೇಗ ಕಣ್ಣಿಗೆ ಬೀಳಲಿ ಎಂದು. ತಗಡು ತಾಮ್ರದ್ದಾಗಿದ್ದದ್ದು ತುಕ್ಕು ಹಿಡಿದು ಗುರುತು ಅಳಿಸಿಹೋಗದಿರಲಿ ಎಂದು. ಈ ಕಾರಣಗಳನ್ನು ಅವಳು ಮೈಸೂರಿನಲ್ಲಿ ತನ್ನ ಮಾರ್ಗದರ್ಶಕರಿಗೆ ಹೇಳಿದ್ದಳು. ಮನೆಯಲ್ಲಿ ಹೇಳಿರಲಿಲ್ಲ.

ಅದು 1999ರ ಜೂನ್. ಬೆಟ್ಟದಪುರದ ಪಕ್ಕದ ಕೊಪ್ಪಲಿನಲ್ಲಿ ಹುಚ್ಚಯ್ಯ ಮತ್ತು ಚಿಕ್ಕಬೀರಮ್ಮನ ಹಿರಿಮಗಳು ಪ್ರಮೀಳಾಗೆ ಆಗ ಇಪ್ಪತ್ತಾರು ವರ್ಷ. ಎಂ.ಎಸ್ಸಿ. ಮುಗಿಸಿ ಮೈಸೂರಿನ ಒಂದು ಸಂಶೋಧನಾ ವಿಭಾಗದಲ್ಲಿ ಡಾಕ್ಟರೇಟ್‌ಗೆ ಸೇರಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದ ಕೆಲಸವೆಲ್ಲ ಆ ಗಂಟುಗಳೊಳಗೆ ಇತ್ತು.

ಅವಳು ಮಾಡುತ್ತಿದ್ದದ್ದು ಒಂದು ಬಗೆಯ ಮಿಶ್ರ ಪ್ಲಾಸ್ಟಿಕ್. ಯಾವ ಪ್ಲಾಸ್ಟಿಕ್ಕಾದರೂ ಉದ್ದನೆಯ ಸರಪಳಿಗಳ ಕಂತೆ. ಅವಳ ಸರಪಳಿಯಲ್ಲಿ ಎರಡು ಬಗೆಯ ಕೊಂಡಿಗಳಿದ್ದವು. ಮೊಸರನ್ನು ಹುಳಿ ಮಾಡುವ ಲ್ಯಾಕ್ಟಿಕ್ ಆಮ್ಲದ ತುಣುಕುಗಳನ್ನು ಜೋಡಿಸುವುದು ಎಸ್ಟರ್ ಕೊಂಡಿ; ಇದು ನೀರು ತಾಕಿದರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಮಾಂಸ, ಕೂದಲು, ಹೆಸರುಬೇಳೆಯ ಪ್ರೋಟೀನ್ ಎಲ್ಲವನ್ನೂ ಹಿಡಿದಿಟ್ಟಿರುವುದು ಪೆಪ್ಟೈಡ್ ಕೊಂಡಿ. ಇದು ಬರಿಯ ನೀರಿಗೆ ಜಗ್ಗದು, ಮಣ್ಣಿನ ಸೂಕ್ಷ್ಮಜೀವಿಗಳು ಬಂದು ಕತ್ತರಿಸಬೇಕು. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳನ್ನು ಒಂದೊಂದಾಗಿ, ಒಂದು ತುದಿಗೆ ರಕ್ಷಣೆ ಕೊಟ್ಟು ಇನ್ನೊಂದು ತುದಿಯನ್ನು ಕೂಡಿಸುತ್ತ, ಪ್ರತಿ ಹಂತದಲ್ಲೂ ತೊಳೆದು ಶುದ್ಧ ಮಾಡಿ ಚಿಕ್ಕ ಪೆಪ್ಟೈಡ್ ಕಟ್ಟುವುದು. ಆಮೇಲೆ ಅದನ್ನು ಲ್ಯಾಕ್ಟಿಕ್ ಸರಪಳಿಗೆ ಹೊಸೆಯುವುದು. ಬಂದದ್ದನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಗಾಜಿನ ತಟ್ಟೆಗೆ ಸುರಿದರೆ, ದ್ರಾವಕ ಆರಿದ ಮೇಲೆ ತೆಳು ಹಾಳೆ ಉಳಿಯುತ್ತದೆ. ನರ್ಸರಿಯವರು ಸಸಿ ಬೆಳೆಸುವ ಕಪ್ಪು ಪಾಲಿಥಿನ್ ಚೀಲದ ಬದಲು ಇಂಥ ಹಾಳೆಯ ಚೀಲ ಬಂದರೆ ಸಸಿಯ ಜೊತೆಗೇ ನೆಟ್ಟುಬಿಡಬಹುದು, ಚೀಲ ಮಣ್ಣಾಗಿ ಹೋಗುತ್ತದೆ. ಉದ್ದೇಶ ಇಷ್ಟೇ. ಅದು ಎಷ್ಟು ಬೇಗ, ಯಾವ ಕೊಂಡಿ ಮೊದಲು ಬಿಚ್ಚಿ ಮಣ್ಣಾಗುತ್ತದೆ ಎಂದು ತೋರಿಸುವುದು ಪ್ರಬಂಧದ ಕೊನೆಯ ಅಧ್ಯಾಯ. ಅದಕ್ಕೇ ಹೂಳುವುದು.

ಊರಿನಲ್ಲಿ ಇದನ್ನು ಒಮ್ಮೆ ಹೇಳಲು ಹೋಗಿ ಅವಳು ಕೈ ಸುಟ್ಟುಕೊಂಡಿದ್ದಳು. ಹಾಲಿನ ಡೈರಿಯ ಮುಂದೆ ಕ್ಯಾನು ಇಳಿಸುತ್ತಿದ್ದ ಕೆಂಪಯ್ಯ, "ಏನವ್ವ ಓದ್ತಿದ್ದೀ ಇನ್ನೂವೆ?" ಎಂದು ಕೇಳಿದ್ದಕ್ಕೆ, ತಾನಾಗಿ ಕೊಳೆಯುವ ಪ್ಲಾಸ್ಟಿಕ್ ಮಾಡುತ್ತಿದ್ದೇನೆ ಎಂದಿದ್ದಳು. ಕೆಂಪಯ್ಯ ಕ್ಯಾನು ಕೆಳಗಿಟ್ಟು ಸುತ್ತಲಿದ್ದವರನ್ನು ನೋಡಿದ್ದ.

"ಕೊಳೀಲಿ ಅಂತ ಇಷ್ಟೊರ್ಸ ಓದ್ಬೇಕಾ? ನಮ್ಮನೆ ಟಮಾಟೆ ಓದ್ದೇನೇ ಕೊಳೀತವಲ್ಲವ್ವ!"

ಡೈರಿಯ ಕಟ್ಟೆಯೆಲ್ಲ ನಕ್ಕಿತ್ತು. ಅಂದಿನಿಂದ ಅವಳು ಊರಿನಲ್ಲಿ ತನ್ನ ಕೆಲಸದ ಮಾತೆತ್ತಲಿಲ್ಲ. ಹುಚ್ಚಯ್ಯನಿಗೆ "ಯೂನಿವರ್ಸಿಟಿ ಪರೀಕ್ಷೆ, ಒಂದು ಮೂಲೆ ಬಿಟ್ಟುಕೊಡಪ್ಪ" ಎಂದಷ್ಟೇ ಹೇಳಿದಳು. ಹುಚ್ಚಯ್ಯ ಮಾತು ಕಮ್ಮಿಯ ಮನುಷ್ಯ. ಆ ಮೂಲೆಗೆ ನೇಗಿಲು ಹಾಯಿಸಲಿಲ್ಲ. ಗುಣಿ ತೋಡುತ್ತಿದ್ದಾಗ ಚಿಕ್ಕಬೀರಮ್ಮ ಬಂದು ನಿಂತಳು. ಬೇಲಿಯಾಚೆ ಪಕ್ಕದ ಹೊಲದ ಪುಟ್ಟಲಕ್ಷ್ಮಿ ಕಳೆ ಕೀಳುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದಳು.

"ಏನವ್ವ ಅದು?"

"ಯೂನಿವರ್ಸಿಟಿ ಕೆಲ್ಸ."

"ದಾರ ಯಾಕೆ ಕಟ್ಟಿದ್ದೀ?"

"ನಿಂಗೆ ಗೊತ್ತಾಗಲ್ಲ ಬುಡವ್ವ."

ಬೇಲಿಯಾಚೆಯಿಂದ ಪುಟ್ಟಲಕ್ಷ್ಮಿ, "ಹೊನ್ನು ಊತಾಕ್ತಾವಳೆ ಕಣಕ್ಕ ನಿನ್ ಮಗ್ಳು, ಕಾವಲು ಕೂತ್ಕೊ" ಎಂದು ನಕ್ಕಳು. ಚಿಕ್ಕಬೀರಮ್ಮ ನಗಲಿಲ್ಲ. ಒಂದು ತಗಡನ್ನು ಬೆರಳಲ್ಲಿ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಪ್ರಮೀಳಾ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇಂಥದೇ ಗಂಟುಗಳನ್ನು ಚುಂಚನಕಟ್ಟೆಯಲ್ಲಿದ್ದ ಚಿಕ್ಕಮ್ಮನ ಗದ್ದೆಯ ಬದುವಿನಲ್ಲೂ ಹೂತಳು. ಒಣನೆಲ, ನೀರಾವರಿ ನೆಲ, ಎರಡನ್ನೂ ಹೋಲಿಸಬೇಕೆಂದು ಮಾರ್ಗದರ್ಶಕ ಶಿವನಂಜಪ್ಪನವರು ಹೇಳಿದ್ದರು. ವಿಭಾಗದಲ್ಲೂ ಕುಂಡಗಳಲ್ಲಿ ಮಣ್ಣು ತುಂಬಿ ಕೆಲವನ್ನು ಇಟ್ಟಳು.

ಮಳೆಗಾಲ ಮುಗಿದು ಗಂಟುಗಳನ್ನು ತೆಗೆದಾಗ ಚುಂಚನಕಟ್ಟೆಯ ಹಾಳೆಗಳು ಕೊಂಚ ಮಸುಕಾಗಿದ್ದವು, ಅಷ್ಟೇ. ಕುಂಡದವೂ ಹಾಗೇ. ಬೆಟ್ಟದಪುರದವನ್ನು ಬಿಚ್ಚಿದ ಪ್ರಮೀಳಾ ತಗಡಿನ ಗುರುತನ್ನು ಎರಡೆರಡು ಸಲ ಓದಿದಳು. ಹಾಳೆ ಜಾಲರಿಯಾಗಿತ್ತು. ಇಕ್ಕಳದಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಕೆಲವು ಚೀಲಗಳಲ್ಲಿ ಏನೂ ಉಳಿದಿರಲಿಲ್ಲ. ಹೋಲಿಕೆಗೆಂದು ಇಟ್ಟಿದ್ದ ಸಾದಾ ಪಾಲಿಥಿನ್ ತುಂಡು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಬೆಟ್ಟದಪುರದ ಕೆಂಪು ಮಣ್ಣಿನಲ್ಲಿ ಪೆಪ್ಟೈಡ್ ಕತ್ತರಿಸುವ ಯಾವುದೋ ಚುರುಕಾದ ಸೂಕ್ಷ್ಮಜೀವಿ ಇದೆ ಎಂಬುದು ಅವಳು ಬರೆದ ತೀರ್ಮಾನ. ಒಂದೇ ಒಂದು ಗೆರೆ ಅದಕ್ಕೆ ಒಪ್ಪುತ್ತಿರಲಿಲ್ಲ. ಉಳಿದ ಚೂರುಗಳನ್ನು ಇನ್‌ಫ್ರಾರೆಡ್ ಯಂತ್ರಕ್ಕೆ ಹಾಕಿದಾಗ ಪ್ರತಿ ಕೊಂಡಿಯೂ ಕಾಗದದ ಮೇಲೆ ಒಂದೊಂದು ಕಣಿವೆಯಾಗಿ ಬೀಳುತ್ತದೆ. ಎಸ್ಟರ್ ಕಣಿವೆ ತುಂಬಿ ಸಮವಾಗಿತ್ತು. ಪೆಪ್ಟೈಡ್ ಕಣಿವೆ ಮೊದಲಿದ್ದಷ್ಟೇ ಆಳವಾಗಿತ್ತು. ಪೆಪ್ಟೈಡ್ ಕತ್ತರಿಸುವ ಜೀವಿ ಬಂದಿದ್ದರೆ ಆಗಬೇಕಾದದ್ದು ಇದರ ಉಲ್ಟಾ.

ಶಿವನಂಜಪ್ಪ ಕೇಳಿದರು: "ಇದು ಯಾಕೆ ಹಾಗೇ ನಿಂತಿದೆ?"

"ಮೊದಲು ಪೆಪ್ಟೈಡ್ ತುಂಡಾದ ಭಾಗ ಪೂರ್ತಿ ಕರಗಿ ಹೋಗಿರಬಹುದು ಸರ್. ಉಳಿದಿದ್ದು ಮುಟ್ಟದೆ ಬಿಟ್ಟದ್ದು."

ಸಾಲಿಗ್ರಾಮದ ಕಡೆಯವರಾದ ಶಿವನಂಜಪ್ಪ ಕನ್ನಡಕ ಹಣೆಗೇರಿಸಿ ಸ್ವಲ್ಪ ಹೊತ್ತು ಕಾಗದ ನೋಡಿದರು. "ಇರಬಹುದು" ಎಂದರು. ಆ ಉತ್ತರ ತನಗೇ ನಂಬಿಕೆ ಹುಟ್ಟಿಸದ್ದು ಎಂದು ಪ್ರಮೀಳಾಗೆ ಹೇಳುವ ಕ್ಷಣದಲ್ಲೇ ಗೊತ್ತಿತ್ತು. ಬೆಟ್ಟದಪುರದ ಫಲಿತಾಂಶ ಅಷ್ಟು ಚೆನ್ನಾಗಿತ್ತು. ಅವಳು ಆ ಕಣಿವೆಯನ್ನು ಪಕ್ಕಕ್ಕಿಟ್ಟಳು.

ಡಿಸೆಂಬರ್‌ನಲ್ಲಿ ಒಂದು ವಿಚಾರಸಂಕಿರಣದಲ್ಲಿ ಓದಿದ ಪ್ರಬಂಧಕ್ಕೆ ಬಹುಮಾನ ಬಂತು. ಮೈಸೂರಿನ ಒಂದು ಪತ್ರಿಕೆ ಅವಳ ಫೋಟೊ ಹಾಕಿ "ಬೆಟ್ಟದಪುರದ ಮಣ್ಣಿನ ಮಹಿಮೆ: ಕರಗುವ ಪ್ಲಾಸ್ಟಿಕ್" ಎಂದು ಬರೆಯಿತು. ವಾರದೊಳಗೆ ಆ ತುಣುಕು ಕೊಪ್ಪಲಿನ ಡೈರಿಯ ಗೋಡೆ ಏರಿತು, ಗೋಂದು ಹಾಕಿ ಅಂಟಿಸಿದವನು ಅದೇ ಕೆಂಪಯ್ಯ. "ಟಮಾಟೆ ಮಾತು ವಾಪಸ್ಸು ತಕ್ಕಂಡೆ ಕಣವ್ವ" ಎಂದ. ಒಂದು ವಿಜ್ಞಾನ ನಿಯತಕಾಲಿಕೆಗೆ ಲೇಖನ ಹೋಯಿತು. ಅವರು ಪ್ರಯೋಗವನ್ನು ಇನ್ನೊಮ್ಮೆ ಮಾಡಿ ತೋರಿಸಿ ಎಂದರು. ಜನವರಿಯಲ್ಲಿ ಪ್ರಮೀಳಾ ಅದೇ ಮೂಲೆಯಲ್ಲಿ ಮತ್ತೆ ಗುಣಿ ತೋಡಿದಳು. ಅದೇ ನೈಲಾನ್ ಚೀಲ, ಅದೇ ದಾರ, ಅದೇ ತಗಡು. ಚಿಕ್ಕಬೀರಮ್ಮ ಈ ಸಲ ಹತ್ತಿರ ಬರಲಿಲ್ಲ. ಕೆಳಗೆ ಮನೆಯ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

ಅವಳು ಊರಿಗೆ ಬರುತ್ತಿದ್ದದ್ದು ಶನಿವಾರ ಸಂಜೆ. ಫೆಬ್ರವರಿಯ ಕೊನೆಯಲ್ಲಿ, ಮುಷ್ಕರಕ್ಕೆ ಶನಿವಾರ ಬಸ್ಸು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದ್ದರಿಂದ, ಒಂದು ದಿನ ಮುಂಚೆಯೇ ಹೊರಟಳು. ಶುಕ್ರವಾರ ಮಧ್ಯಾಹ್ನ ಪಿರಿಯಾಪಟ್ಟಣದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಮನೆಗೆ ಹೋಗದೆ ನೇರ ಹೊಲಕ್ಕೆ ನಡೆದಳು. ಮಳೆ ಕಂಡು ತಿಂಗಳುಗಳಾಗಿದ್ದ ನೆಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೇಲ್ಮೂಲೆ ಮಾತ್ರ ಕಪ್ಪಗೆ ಒದ್ದೆಯಾಗಿತ್ತು. ಅಲ್ಲಿ ಚಿಕ್ಕಬೀರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಎಡಗೈಯಲ್ಲಿ ಹಿತ್ತಾಳೆ ಚೊಂಬು, ಬಲಗೈಯಲ್ಲಿ ಬೇವಿನ ಸೊಪ್ಪು. ಸೊಪ್ಪು ಅದ್ದಿ ಪ್ರತಿ ಗುಣಿಯ ಮೇಲೂ ಚಿಮುಕಿಸಿ, ಆಮೇಲೆ ಚೊಂಬನ್ನೇ ಬಗ್ಗಿಸಿ ಸುರಿಯುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಮನೆದೇವರು ಬೀರಪ್ಪನ ಹೆಸರು. ಗಾಳಿ ತಿರುಗಿದಾಗ ವಾಸನೆ ಬಂತು. ಅದು ಗಂಜಲ, ದನದ ಉಚ್ಚೆ.

"ಅವ್ವಾ, ಏನ್ ಮಾಡ್ತಿದ್ದೀ?"

ಚಿಕ್ಕಬೀರಮ್ಮ ಬೆಚ್ಚಿ ಚೊಂಬನ್ನು ಸೆರಗಿನ ಮರೆಗೆ ಎಳೆದುಕೊಂಡಳು. "ಇವತ್ಯಾಕೆ ಬಂದೆ? ಏನಿಲ್ಲ, ಗಿಡಕ್ಕೊಸಿ ನೀರು."

"ಇಲ್ಲಿ ಗಿಡ ಎಲ್ಲದೆ?"

ತಾಯಿ ಚೊಂಬಿನ ಮೇಲೆ ಸೆರಗನ್ನು ಇನ್ನಷ್ಟು ಎಳೆದಳು.

"ಯಾವಾಗಿಂದ ಉಯ್ತಿದ್ದೀ?"

"ನೀ ಊತ ಲಾಗಾಯ್ತಿಂದ. ಮಂಗಳವಾರ, ಸುಕ್ರವಾರ."

"ಹೋದ ಸಲಾನೂ?"

"ಹೋದ ಸಲಾನೂವೆ."

"ಯಾಕವ್ವಾ?"

ಚಿಕ್ಕಬೀರಮ್ಮ ಎದ್ದು ನಿಂತಳು. ಆ ಹೊತ್ತಿನವರೆಗೆ ತಗ್ಗಿದ್ದ ದನಿ ಒಮ್ಮೆಲೇ ಏರಿತು. "ಯಾಕೆ ಅಂತ ನನ್ನ ಕೇಳ್ತೀಯಾ? ನಾ ಕೇಳ್ಬೇಕು ನಿನ್ನ. ಬ್ಯಾಡ ಅಂದ, ಹೋದ. ಹೋದ್ರೆ ಹೋಗ್ಲಿ ಅನ್ನದ್ ಬುಟ್ಟು, ಅವ್ನ ಕಾಲ್ ಮುರ್ಸೋದಾ ಮಗಾ? ಅವ್ನೂ ಒಬ್ಬ ತಾಯಿ ಎತ್ತ ಮಗ ಅಲ್ವಾ?"

"ಯಾರ ಕಾಲು?"

"ಅದೇ, ಹುಣಸೂರ್ ಕಡೆ ಗಂಡು. ಕನಕರಾಜು."

ಹಿಂದಿನ ಮೇ ತಿಂಗಳಲ್ಲಿ ಕನಕರಾಜು ಎಂಬ ಶಾಲಾ ಮೇಷ್ಟರು ಅವಳನ್ನು ನೋಡಲು ಬಂದಿದ್ದ. ಮಂಡಕ್ಕಿ ತಿಂದು, ಕಾಫಿ ಕುಡಿದು, ಹುಡುಗಿ ಓದಿದ್ದು ಜಾಸ್ತಿಯಾಯಿತು ಎಂದು ಹೇಳಿಕಳಿಸಿದ್ದ. ಮುಂದಿನ ತಿಂಗಳು ಅವನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂತು. ಪ್ರಮೀಳಾ ಅದನ್ನು ಕೇಳಿ ಮರೆತಿದ್ದಳು. ಅದು ಗಂಟುಗಳನ್ನು ಹೂತ ವಾರವೇ ಎಂದು ಲೆಕ್ಕ ಹಾಕಿದವಳು ಚಿಕ್ಕಬೀರಮ್ಮ ಒಬ್ಬಳೇ.

"ಕೆಂಪು ದಾರ, ತಾಮ್ರದ್ ತಗಡು, ಅದ್ರ ಮ್ಯಾಲೆ ಬರ್ದಿರೋದು. ನಂಗೇನ್ ಕಣ್ಣಿಲ್ವಾ? ಏನು ಅಂತ ಕೇಳುದ್ರೆ ಗೊತ್ತಾಗಲ್ಲ ಬುಡು ಅಂತೀಯಾ. ಗೊತ್ತಾಯ್ತು ಕಣೇ ನಂಗೆ. ಮೈಸೂರ್ನಾಗೆ ಯಾವನೋ ಮಾಡ್ಕೊಟ್ಟವ್ನೆ. ಕಿತ್ತಾಕಿದ್ರೆ ತಿರುಗ್ಬಂದು ನಿಂಗೇ ಬಡೀತದೆ ಅಂತ ಕೀಳ್ಲಿಲ್ಲ. ಸುದ್ಧ ಆಗ್ಲಿ ಅಂತ ಉಯ್ದೆ. ನಿಮ್ಮಪ್ಪಂಗೂ ಹೇಳಿಲ್ಲ."

ಪ್ರಮೀಳಾಗೆ ಮೊದಲು ಬಂದದ್ದು ನಗು. ಎಂಟು ತಿಂಗಳು ತನ್ನ ತಾಯಿ ತನ್ನನ್ನು ಮಾಟ ಮಾಡಿಸುವವಳೆಂದು ನಂಬಿ, ಗಂಜಲ ಚಿಮುಕಿಸಿದ ಕೈಯಿಂದಲೇ ಮುದ್ದೆ ಬಡಿಸಿದ್ದಳು. ಅದರ ಹಿಂದೆಯೇ ಇನ್ನೊಂದು ಬಂತು: ಕಾಗದದ ಮೇಲಿನ ಆ ಕಣಿವೆ. ಗಂಜಲ ಮಣ್ಣಿಗೆ ಬಿದ್ದರೆ ಅಮೋನಿಯಾ ಆಗುತ್ತದೆ. ಅಮೋನಿಯಾದ ಕ್ಷಾರ ಎಸ್ಟರ್ ಕೊಂಡಿಯನ್ನು ಕೆಲವೇ ದಿನಗಳಲ್ಲಿ ಬಿಚ್ಚಿ ಹಾಕುತ್ತದೆ. ಪೆಪ್ಟೈಡ್ ಕೊಂಡಿಗೆ ಅಷ್ಟು ಬೇಗ ಏನೂ ಆಗುವುದಿಲ್ಲ. ಬೆಟ್ಟದಪುರದ ಮಣ್ಣಿನಲ್ಲಿ ವಿಶೇಷವಾದ ಯಾವ ಜೀವಿಯೂ ಇರಲಿಲ್ಲ.

"ಅದು ಮಾಟ ಅಲ್ಲ ಕಣವ್ವ" ಎಂದಳು. ಏನೆಂದು ಮಾತ್ರ ಆಗಲೂ ವಿವರಿಸಲಿಲ್ಲ. ಚಿಕ್ಕಬೀರಮ್ಮ ಮಗಳ ಮುಖವನ್ನೇ ನೋಡಿದಳು. ನಂಬಿದಳು. ನಂಬಿದ ಮೇಲೆ ಅವಳ ಮುಖ ಇನ್ನೂ ಸಣ್ಣದಾಯಿತು.

ಮೈಸೂರಿಗೆ ಹಿಂದಿರುಗಿದ ಪ್ರಮೀಳಾ ಶಿವನಂಜಪ್ಪನವರ ಕೋಣೆಯ ಮುಂದೆ ನಿಂತಾಗ ನಿಜ ಹೇಳಬೇಕೆಂದೇ ಇದ್ದಳು. ಒಳಗೆ ಇನ್ನಿಬ್ಬರು ಸಂಶೋಧನಾ ವಿದ್ಯಾರ್ಥಿಗಳು ಕೂತಿದ್ದರು. ಒಬ್ಬಳ ತಂದೆ ಎಂಜಿನಿಯರ್, ಇನ್ನೊಬ್ಬನ ತಾಯಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು. ನನ್ನ ತಾಯಿ ಮಾಟ ಎಂದು ಗಂಜಲ ಹುಯ್ದಳು ಎಂಬ ವಾಕ್ಯ ಅವಳ ಬಾಯಿಂದ ಹೊರಡಲಿಲ್ಲ.

"ಸರ್, ಪ್ಲಾಟಿನಲ್ಲಿ ಒಂದು ತೊಂದರೆ ಆಗಿದೆ. ಕೊಟ್ಟಿಗೆಯ ನೀರು ಹರಿದು ಬಂದಿದೆ. ಗಂಜಲ ಸೇರಿರಬಹುದು."

ಶಿವನಂಜಪ್ಪನವರಿಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಅವರು ಡ್ರಾಯರಿನಿಂದ ಆ ಹಳೆಯ ಕಾಗದ ತೆಗೆದು, ಪೆಪ್ಟೈಡ್ ಕಣಿವೆಯ ಮೇಲೆ ಬೆರಳಿಟ್ಟರು. ಆಮೇಲೆ, "ಭಾನುವಾರ ಬಂದು ನೋಡ್ತೀನಿ" ಎಂದರು.

ಹರಿದು ಬಂದದ್ದಾದರೆ ಅದೊಂದು ಅಪಘಾತ. ಲೇಖನದಲ್ಲಿ ಒಂದು ಸಾಲು ತಿದ್ದಿ, ಪೂರ್ತಿ ಹಿಂತೆಗೆದುಕೊಳ್ಳದೆ ಉಳಿಸಿಕೊಳ್ಳಬಹುದು. ಬೇಕೆಂದೇ ಸುರಿದದ್ದಾದರೆ, ಅದೂ ಎರಡು ಸಲ, ಆ ಪ್ರಯೋಗ ಪ್ರಯೋಗವೇ ಅಲ್ಲ. ಬಹುಮಾನ, ಲೇಖನ, ಪ್ರಬಂಧದ ಕೊನೆಯ ಅಧ್ಯಾಯ ಎಲ್ಲ ಹೋಗುತ್ತವೆ. ಪ್ರಮೀಳಾ ಶನಿವಾರವೇ ಊರಿಗೆ ಬಂದು ತಾಯಿಗೆ ಹೇಳಿದಳು: "ನಮ್ ಮೈಸೂರ್ ಮೇಷ್ಟ್ರು ಬತ್ತಾರೆ. ಕೊಟ್ಟಿಗೆ ನೀರು ಅಂತ ಹೇಳಿದೀನಿ. ನೀ ಏನೂ ಮಾತಾಡ್ಬೇಡ."

"ಆಯ್ತು" ಎಂದಳು ಚಿಕ್ಕಬೀರಮ್ಮ. ಮಗಳಿಂದ ಸುಳ್ಳು ಹೇಳಿಸುವಂತಾಯಿತಲ್ಲ ಎಂಬುದು ಅವಳ ಮನಸ್ಸಿನಲ್ಲಿ ಕೂತಿತು.

ಶಿವನಂಜಪ್ಪ ಬಸ್ಸಿನಲ್ಲಿ ಬಂದರು, ಪಂಚೆ ಉಟ್ಟಿದ್ದರು. ಅವರೆಕಾಳು ಉಪ್ಪಿಟ್ಟು ತಿಂದು ಹೊಲಕ್ಕೆ ನಡೆದರು. ಹುಚ್ಚಯ್ಯ ಮುಂದೆ, ಪ್ರಮೀಳಾ ಹಿಂದೆ, ಅವಳ ಹಿಂದೆ ದೂರದಲ್ಲಿ ಚಿಕ್ಕಬೀರಮ್ಮ. ಮೇಲ್ಮೂಲೆಯಲ್ಲಿ ನಿಂತು ಅವರು ಸುತ್ತ ನೋಡಿದರು. ಮನೆ, ಕೊಟ್ಟಿಗೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕಟ್ಟಡ, ಎಲ್ಲವೂ ಕೆಳಗಿದ್ದವು.

"ಕೊಟ್ಟಿಗೆ ನೀರು ಯಾವ ಕಡೆಯಿಂದ ಬರುತ್ತೆ?"

ಪ್ರಮೀಳಾ ಬಾಯಿ ತೆರೆಯುವ ಮೊದಲೇ ಹುಚ್ಚಯ್ಯ ಹೇಳಿದ. ಅವನಿಗೆ ಏನೂ ಗೊತ್ತಿರಲಿಲ್ಲ. "ಕೊಟ್ಟಿಗೆ ನೀರು ಇಲ್ಲಿಗೆಂಗ್ ಬಂದಾತು ಸ್ವಾಮಿ? ಅದು ತಗ್ಗಲ್ವಾ ಇರೋದು. ನೀರು ಹತ್ಕಂಡು ಬತ್ತದಾ?" ಎಂದು, ಮೈಸೂರಿನವರಿಗೆ ಇದೂ ತಿಳಿಯದಲ್ಲ ಎಂಬಂತೆ ನಕ್ಕ.

ಹುಚ್ಚಯ್ಯನ ನಗು ತಾನಾಗಿ ನಿಂತಿತು. ಪ್ರಮೀಳಾ ನೆಲ ನೋಡುತ್ತಿದ್ದಳು. ಆಗ ಹಿಂದಿನಿಂದ ಚಿಕ್ಕಬೀರಮ್ಮ ಮುಂದೆ ಬಂದಳು, ತಲೆಯ ಮೇಲೆ ಸೆರಗು ಎಳೆದುಕೊಂಡು.

"ನಾನೇ ಸ್ವಾಮಿ ಉಯ್ದಿದ್ದು. ಗಂಜಲ. ಮಗ್ಳದ್ದು ಏನೂ ತಪ್ಪಿಲ್ಲ. ದಾರ, ತಗಡು ಎಲ್ಲ ನೋಡಿ, ಯಾರೋ ನಮ್ಮ ಹೊಲಕ್ಕೆ ಮಾಟ ಮಾಡವ್ರೆ ಅಂದ್ಕಂಡೆ. ಓದ್ದಿರೋಳು, ತಿಳೀನಿಲ್ಲ."

ಹುಚ್ಚಯ್ಯ ಹೆಂಡತಿಯನ್ನು ನೋಡಿದ. "ಯಾರೋ ಅಲ್ಲ. ಪ್ರಮೀಳಾ ಊತಿದ್ದು ನೀ ನೋಡಿದ್ದಲ್ವಾ?"

"ನೋಡಿಲ್ಲ."

"ನೀ ಇಲ್ಲೇ ನಿಂತ್ಕಂಡಿದ್ದೆ ಕಣೇ, ಕೆಳಗಿಂದ ನಾ ಕಂಡಿದ್ದೆ."

ಚಿಕ್ಕಬೀರಮ್ಮ ಸೆರಗಿನ ಅಂಚು ಕಚ್ಚಿಕೊಂಡಳು. ಮಗಳನ್ನು ಕಾಯಲು ಅವಳ ಬಳಿ ಇದ್ದದ್ದು ಅದೊಂದೇ ಸುಳ್ಳು, ಅದೂ ಗಂಡನ ಕೈಯಲ್ಲೇ ಒಡೆದುಹೋಯಿತು.

"ನಾನೇ ಮಾಡಿಸಿದೀನಿ ಅಂದುಕೊಂಡಿದ್ದಳು ಸರ್" ಎಂದಳು ಪ್ರಮೀಳಾ. "ನಾನು ಅದು ಏನು ಅಂತ ಹೇಳಿರಲಿಲ್ಲ. ಅವಳು ಕೇಳಿದ್ದಳು. ನಿನಗೆ ಗೊತ್ತಾಗಲ್ಲ ಅಂದಿದ್ದೆ. ಕೊಟ್ಟಿಗೆ ನೀರು ಅಂತ ನಿಮಗೆ ಹೇಳಿದ್ದೂ ಸುಳ್ಳು."

ಶಿವನಂಜಪ್ಪ ಕೂತು ಒಂದು ಗುಣಿ ಕೆದಕಿ ಗಂಟು ಹೊರತೆಗೆದರು. ಕೆಂಪು ದಾರ, ಹಸಿರು ಕಿಲುಬು ಹಿಡಿದ ತಗಡು. ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು.

"ನಮ್ಮ ತಾಯಿ ನೋಡಿದ್ದರೂ ಇದನ್ನೇ ಅಂದುಕೊಳ್ಳುತ್ತಿದ್ದರು" ಎಂದರು. "ಅಲ್ಲಮ್ಮ, ತಾಮ್ರ ಯಾಕೆ? ಸೂಕ್ಷ್ಮಜೀವಿಗಳಿಗೆ ತಾಮ್ರ ವಿಷ. ನೀನು ಹೇಳಿದಾಗ ನಾನೂ ತಲೆ ಆಡಿಸಿದೆ." ಗಂಟನ್ನು ಕೆಳಗಿಟ್ಟು ಕೇಳಿದರು: "ಆ ಪೆಪ್ಟೈಡ್ ಗೆರೆ. ನಿನಗೆ ಅನುಮಾನ ಇತ್ತಾ?"

"ಇತ್ತು ಸರ್."

"ಹೂಂ. ಲೇಖನ ವಾಪಸ್ ತಗೋ. ವಿಭಾಗದಲ್ಲಿ ನೀನೇ ನಿಂತು ಹೇಳು. ಕಾರಣ ಸಮೇತ."

ಅವರು ಚಿಕ್ಕಬೀರಮ್ಮನ ಕಡೆ ತಿರುಗಿ ಏನೋ ಸಮಾಧಾನದ ಮಾತು ಹೇಳಲು ಹೊರಟರು. ಅವಳು ಆಗಲೇ ಮನೆಯ ದಾರಿ ಹಿಡಿದಿದ್ದಳು.

ಮಾರ್ಚ್‌ನ ವಿಭಾಗದ ಸಭೆಯಲ್ಲಿ ಪ್ರಮೀಳಾ ಎದ್ದು ನಿಂತು ಹೇಳಿದಳು. ಗಂಜಲ ಎಂಬ ಪದಕ್ಕೆ ಇಂಗ್ಲಿಷ್ ಹುಡುಕಿದಳು, ಮಾಟ ಎಂಬುದಕ್ಕೆ ಹುಡುಕಲಿಲ್ಲ, ಕನ್ನಡದಲ್ಲೇ ಹೇಳಿದಳು. ಯಾರೋ ಕೆಮ್ಮಿ ನಗು ಅಡಗಿಸಿದರು. ಎಂಜಿನಿಯರರ ಮಗಳು ಅನುಶ್ರೀ ಆಮೇಲೆ ಕಾರಿಡಾರಿನಲ್ಲಿ ಹೆಗಲ ಮೇಲೆ ಕೈ ಹಾಕಿ, "ಗಂಜಲಕ್ಕೆ ಪೇಟೆಂಟ್ ಮಾಡಿಸು ಕಣೇ, ಇಬ್ಬರೂ ಶ್ರೀಮಂತರಾಗೋಣ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಪ್ರಮೀಳಾಗೆ ಆ ಕೈಯ ಭಾರ ಬಹಳ ದಿನ ಹೆಗಲ ಮೇಲೆ ಉಳಿಯಿತು. ಪತ್ರಿಕೆಯವರಿಗೂ ತಿಳಿಸಿದಳು, ಅವರು ತಿದ್ದುಪಡಿ ಹಾಕಲಿಲ್ಲ. ಡೈರಿಯ ಗೋಡೆಯ ಮೇಲಿದ್ದ ತುಣುಕನ್ನು ತೆಗೆಯಿರಿ ಎಂದು ಕೇಳಿದಾಗ ಕೆಂಪಯ್ಯ ಒಪ್ಪಲಿಲ್ಲ.

"ಇರ್ಲಿ ಬುಡವ್ವ. ಊರ ಹೆಸ್ರು ಪೇಪರ್ನಾಗೆ ಇನ್ಯಾವಾಗ ಬತ್ತದೆ?"

"ಅದು ಸುಳ್ಳು ಕಣಣ್ಣ."

"ಪೇಪರ್ನಾಗಿರೋದೆಲ್ಲ ದಿಟವಾ? ಬುಡು."

ಹಾಲು ಹಾಕಲು ಬಂದವರ ಕೈ ತಾಕಿ ತಾಕಿ ಅವಳ ಮುಖ ಮಾಸುವವರೆಗೂ ಅದು ಅಲ್ಲೇ ಇತ್ತು. ಊರಿಗೆ ಬಂದಾಗಲೆಲ್ಲ ಅವಳು ಡೈರಿಯ ಬೀದಿ ಬಿಟ್ಟು ಕೆರೆಯ ಕಡೆಯಿಂದ ಸುತ್ತಿ ಮನೆಗೆ ಹೋಗುತ್ತಿದ್ದಳು.

ಚಿಕ್ಕಬೀರಮ್ಮನೂ ಹಾಗೆಯೇ. ಹೊಂಗೆಸೊಪ್ಪು ಕೊಯ್ಯಲು ಹೋಗಬೇಕಾದರೂ ಆ ಮೂಲೆಯನ್ನು ತುಳಿಯದೆ ಬೇಲಿಯ ಹೊರಗಿನಿಂದ ಹೋಗುತ್ತಿದ್ದಳು. ಮನೆಯಲ್ಲಿ ತಾಯಿ ಮಗಳು ಒಬ್ಬರನ್ನೊಬ್ಬರು ನೋಡದೆ ಮಾತಾಡುವುದನ್ನು ಕಲಿತರು. ಕನಕರಾಜು ಕಾಲು ನೆಟ್ಟಗಾಗಿ ಎಚ್.ಡಿ. ಕೋಟೆಯ ಹುಡುಗಿಯನ್ನು ಮದುವೆಯಾದ. ಆಹ್ವಾನ ಪತ್ರಿಕೆ ಬಂದಾಗ ಇಬ್ಬರೂ ಅದನ್ನು ಮುಟ್ಟಲಿಲ್ಲ, ಹುಚ್ಚಯ್ಯ ಒಬ್ಬನೇ ಹೋಗಿ ಉಂಡು ಬಂದ.

ಪ್ರಮೀಳಾ 2002ರಲ್ಲಿ ಡಾಕ್ಟರೇಟ್ ಪಡೆದಳು. ಈಗ ಕೆ.ಆರ್. ನಗರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಆಮೇಲೆ ಪಾಲಿಮರ್ ಮಾಡಿಲ್ಲ. ಪ್ರಬಂಧದ ಕೊನೆಯ ಅಧ್ಯಾಯ ತೆಳುವಾಗಿದೆ. ಅದರಲ್ಲಿರುವುದು ಮೂರನೆಯ ಸಲದ ಫಲಿತಾಂಶ.

ಆ ಮೂರನೆಯ ಸಲ, 2000ದ ಜೂನ್‌ನಲ್ಲಿ, ಅವಳು ಹಳೆಯ ಗುಣಿಗಳಿಂದ ದೂರ, ಹೊಲದ ಇನ್ನೊಂದು ಬದಿ ಆರಿಸಿಕೊಂಡಳು. ಬಿಳಿ ದಾರ. ತಗಡಿನ ಬದಲು ಪ್ಲಾಸ್ಟಿಕ್ ಬಿಲ್ಲೆ. ಗುಣಿ ತೋಡುವ ಮುನ್ನ ಮನೆಗೆ ಹೋಗಿ ತಾಯಿಯನ್ನು ಕರೆದಳು. ಚಿಕ್ಕಬೀರಮ್ಮ ಬರಲು ಒಪ್ಪಲಿಲ್ಲ. ಕೈ ಹಿಡಿದು ಕರೆತಂದಳು. ಹಾಳೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದಳು.

"ಇದ್ರಾಗೆ ಎರಡ್ ತರದ ಗಂಟು ಅವೆ ಕಣವ್ವ, ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು ನೀರು ಬಿದ್ರೆ ಮೆಲ್ಲಗೆ ತಾನೇ ಬಿಚ್ಕೊತದೆ. ಇನ್ನೊಂದನ್ನ ಮಣ್ಣಾಗಿರೋ ಹುಳ ಬಂದು ಕಚ್ಚಿ ಬಿಚ್ಬೇಕು. ಎಷ್ಟ್ ದಿನ ಹಿಡೀತದೆ ಅಂತ ನೋಡೋದೇ ನನ್ ಕೆಲ್ಸ."

"ಅಷ್ಟೇನಾ?"

"ಅಷ್ಟೇಯ."

"ನಾ ಉಯ್ದಿದ್ಕೆ ಏನಾತು?"

"ನೀರಿನ ಗಂಟೆಲ್ಲ ಒಂದೇ ಸಲಕ್ಕೆ ಬಿಚ್ಕೊಂಡ್ವು. ಹುಳಕ್ಕೆ ಕೆಲ್ಸಾನೇ ಉಳೀಲಿಲ್ಲ."

ಚಿಕ್ಕಬೀರಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಹಿಂದೊಮ್ಮೆ ತಗಡು ಮುಟ್ಟಲು ಹೋಗಿ ಹಿಂದಕ್ಕೆ ತೆಗೆದ ಕೈಯಿಂದ ಈಗ ಹಾಳೆಯನ್ನು ಉಜ್ಜಿ ನೋಡಿದಳು. "ಇಷ್ಟು ಹೇಳಕ್ಕೆ ಏನಾಗಿತ್ತವ್ವ ನಿಂಗೆ?" ಎಂದಳು. ಪ್ರಮೀಳಾ ಬಗ್ಗಿ ಗುಣಿ ತೋಡತೊಡಗಿದಳು.

ಅಕ್ಟೋಬರ್‌ನಲ್ಲಿ 'ತೆಗೆಯೋಣ' ಎಂದಾಗ ತಾಯಿಯೇ ಗುದ್ದಲಿ ತಂದಳು. ಒಂದೊಂದಾಗಿ ಗಂಟುಗಳು ಹೊರಬಂದವು. ಪ್ರಮೀಳಾ ಬಲೆ ಬಿಚ್ಚಿ ಹಾಳೆಯನ್ನು ಕುಂಚದಿಂದ ಒರೆಸುತ್ತ ಹೋದಳು. ಹಾಳೆಗಳು ಮಸುಕಾಗಿದ್ದವು, ಅಂಚು ಕೊಂಚ ಸವೆದಿತ್ತು. ಚುಂಚನಕಟ್ಟೆಯಲ್ಲಿ ಆದದ್ದಕ್ಕಿಂತ ಹೆಚ್ಚೇನೂ ಇಲ್ಲ. ಎರಡು ವರ್ಷ ಕಟ್ಟಿದ್ದು, ಮತ್ತೆ ಒಂದು ವರ್ಷ ಕಳೆದದ್ದು, ಎಲ್ಲದರ ಕೊನೆಗೆ ಬರೆಯಬಹುದಾದ ವಾಕ್ಯ 'ನಿಧಾನವಾಗಿ ಕರಗುತ್ತದೆ' ಎಂಬುದು.

ಚಿಕ್ಕಬೀರಮ್ಮನಿಗೆ ಕಣಿವೆ, ಗೆರೆ ತಿಳಿಯದು. ಮಗಳ ಮುಖ ತಿಳಿಯುತ್ತದೆ. ಇನ್ನೂ ಅಗೆಯದ ಗುಣಿಗಳು ಆ ಕಡೆ ಉಳಿದಿದ್ದವು, ಡಿಸೆಂಬರ್‌ಗೆಂದು ಬಿಟ್ಟವು. ಅವಳು ಬೇಲಿಯತ್ತ ನೋಡಿದಳು. ಪುಟ್ಟಲಕ್ಷ್ಮಿ ಇರಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿದಳು.

"ಅವ್ಕೆ ಒಸಿ ಉಯ್ಲಾ ಮಗಾ? ಯಾರ್ಗೂ ಹೇಳಕಿಲ್ಲ."

ಅವಳು ತಮಾಷೆಗೆ ಕೇಳಿರಲಿಲ್ಲ. ಪ್ರಮೀಳಾ ಕೂಡಲೇ ಉತ್ತರ ಕೊಡಲಿಲ್ಲ. ಕುಂಚ ಕೈಯಲ್ಲಿ ಹಿಡಿದು ಉಳಿದ ಗುಣಿಗಳನ್ನು ನೋಡುತ್ತ ಕೂತಳು. ಕೊಟ್ಟಿಗೆಯಲ್ಲಿ ಹಸು ಕೂಗಿತು. ತಾಯಿ ಇನ್ನೊಮ್ಮೆ ಕೇಳಲಿಲ್ಲ, ಕಾಯುತ್ತಿದ್ದಳು.

"ಬ್ಯಾಡ ಕಣವ್ವ" ಎಂದಳು ಕೊನೆಗೆ.

ಇಂದಿಗೂ ಪ್ರಮೀಳಾಗೆ ಮುಖ ಬಿಸಿಯಾಗುವುದು ಡೈರಿಯ ಗೋಡೆ ನೆನೆದಾಗ ಅಲ್ಲ, ವಿಭಾಗದ ಸಭೆ ನೆನೆದಾಗಲೂ ಅಲ್ಲ. ತಾಯಿ ಕೇಳಿದ ಮೇಲೆ, ಬೇಡ ಎನ್ನುವುದಕ್ಕೆ ಮೊದಲು, ತಾನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನೆನೆದಾಗ. ಚಿಕ್ಕಬೀರಮ್ಮ ಅದನ್ನು ಕಂಡಿದ್ದಳು. ಏನೂ ಅನ್ನದೆ ಗುದ್ದಲಿ ಹೆಗಲಿಗೇರಿಸಿ, ತೆಗೆದ ಗುಣಿಗಳಿಗೆ ಕಾಲಿನಿಂದ ಮಣ್ಣು ಎಳೆದು ಮುಚ್ಚುತ್ತ ಹೋದಳು.